ಬ್ಯಾಟರಿ ಗಾಡಿ ಸುಟ್ಟರೆ ಸಾಲ ಯಾರು ಕಟ್ಟಬೇಕು?

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಮೊದಲೆಲ್ಲಾ ನಾವು ಸಂಘಗಳಿಗೆ ಭೇಟಿ ಕೊಟ್ಟಾಗ ಸಾಲದ ಪುಸ್ತಕದಲ್ಲಿ ಎಮ್ಮೆ, ಕುರಿ, ಹೊಲಿಗೆ ಯಂತ್ರ, ಮಗಳ ಮದುವೆ ಅಂತ ಬರೆದಿರುತ್ತಿತ್ತು. ಈಗ ‘ಬ್ಯಾಟರಿ ಗಾಡಿ’ ಅಂತಲೂ ಕಾಣುತ್ತದೆ. ಅದರಲ್ಲಿ ತಪ್ಪೇನಿಲ್ಲ, ಪೆಟ್ರೋಲಿನ ಖರ್ಚು ಉಳಿಯುತ್ತದೆ. ಆದರೆ ನಮ್ಮ ಒಬ್ಬ ಸದಸ್ಯೆಗೆ ಆದದ್ದನ್ನು ಕೇಳಿ. ಸಂಘದ ಸಾಲದಲ್ಲಿ ಕೊಂಡ ಸ್ಕೂಟರಿನ ಬ್ಯಾಟರಿ ವರ್ಷ ತುಂಬುವುದರೊಳಗೆ ಉಬ್ಬಿಕೊಂಡಿತು. ಪುಣ್ಯಕ್ಕೆ ಬೆಂಕಿ ಹತ್ತಲಿಲ್ಲ. ಅಂಗಡಿಗೆ ಒಯ್ದರೆ “ಬಿಲ್ ತೋರಿಸಿ” ಅಂದರು. ಬಿಲ್ ಎಲ್ಲಿದೆ? ಟ್ಯಾಕ್ಸ್ ಉಳಿಯುತ್ತದೆ ಅಂತ ಅದೇ ಅಂಗಡಿಯವರು ಕೊಟ್ಟ ಬಿಳಿ ಚೀಟಿ ಮಾತ್ರ ಇತ್ತು. ಗಾಡಿ ಮೂಲೆಗೆ ಬಿತ್ತು, ಕಂತು ಮಾತ್ರ ನಿಲ್ಲಲಿಲ್ಲ. ಎರಡು ತಿಂಗಳು ಉಳಿದ ಸದಸ್ಯೆಯರೇ ಕೈಯಿಂದ ಹಾಕಿ ಕಟ್ಟಿದರು.

ಬೆಂಕಿ ಹತ್ತಿದ ಕಡೆ ಏನಾಗಿದೆ ಅಂತಲೂ ತಿಳಿದಿರಲಿ. 2022ರ ಮಾರ್ಚ್ ಕೊನೆಯಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರಿಗೆ ಬೆಂಕಿ ಬಿದ್ದು ತಂದೆ ಮತ್ತು ಮಗಳು ತೀರಿಕೊಂಡರು. ಅವರನ್ನು ಕೊಂದದ್ದು ಹೊಗೆ. 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ವಳಗೆರೆಹಳ್ಳಿಯಲ್ಲಿ ಮನೆಯೊಳಗೆ ಚಾರ್ಜ್ ಆಗುತ್ತಿದ್ದ ಸ್ಕೂಟರ್ ಹೊತ್ತಿಕೊಂಡು ಸಾಮಾನುಗಳೆಲ್ಲಾ ಸುಟ್ಟವು. ನಮ್ಮ ಹಳ್ಳಿಗಳಲ್ಲಿ ಗಾಡಿಯನ್ನು ಎಲ್ಲಿ ಚಾರ್ಜಿಗೆ ಹಾಕುತ್ತೇವೆ? ಬಾಗಿಲ ಹತ್ತಿರ, ಜೋಳದ ಚೀಲದ ಪಕ್ಕ, ಮಕ್ಕಳು ಮಲಗುವ ಪಡಸಾಲೆಯಲ್ಲಿ. ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿಯೇ ಬಂದ್. ದಯವಿಟ್ಟು ಇವತ್ತೇ ಜಾಗ ಬದಲಿಸಿ. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತಣ್ಣಗಾಗಲಿ.

2022ರ ಏಪ್ರಿಲ್ ತಿಂಗಳೊಂದರಲ್ಲೇ ಓಕಿನಾವಾ 3,215, ಪ್ಯೂರ್ ಇವಿ 2,000, ಓಲಾ 1,441 ಸ್ಕೂಟರುಗಳನ್ನು ತಪಾಸಣೆಗೆ ವಾಪಸು ಕರೆದವು. ಇದಕ್ಕೆ ‘ರೀಕಾಲ್’ ಅನ್ನುತ್ತಾರೆ. ಕಾರುಗಳಿಗೂ ಇದು ತಪ್ಪಿದ್ದಲ್ಲ. ಹ್ಯುಂಡೈ ಕಂಪನಿ 2020ರ ಡಿಸೆಂಬರಿನಲ್ಲಿ ಭಾರತದಲ್ಲಿ 456 ಕೋನಾ ಕಾರುಗಳನ್ನು ಕರೆಸಿಕೊಂಡಿತು. ಅಮೆರಿಕದಲ್ಲಿ ಷೆವರ್ಲೆ ಬೋಲ್ಟ್ ಕಾರಿನ ಮಾಲೀಕರಿಗೆ, ಮನೆಯಿಂದ ದೂರ ಬಯಲಲ್ಲಿ ನಿಲ್ಲಿಸಿ ಅಂತ ಕಂಪನಿಯೇ ಹೇಳಬೇಕಾಯಿತು. ರೀಕಾಲ್ ಸುದ್ದಿ ಮುಟ್ಟುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಹೆಸರು ಬದಲಿಸದಿದ್ದರೆ ಆ ಸುದ್ದಿ ಹಳೇ ಮಾಲೀಕನ ಮನೆಗೆ ಹೋಗುತ್ತದೆ, ಅಷ್ಟೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಂ ಪ್ರಕಾರ, ದೋಷವಿರುವ ವಾಹನಗಳನ್ನು ವಾಪಸು ಪಡೆಯುವಂತೆ ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. ಆದರೆ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಓಡುವ, ನಂಬರ್ ಪ್ಲೇಟ್ ಬೇಡದ ಸಣ್ಣ ಸ್ಕೂಟರ್ ಇದೆಯಲ್ಲ, ನಮ್ಮವರು ಬಹಳ ಇಷ್ಟಪಡುವುದು, ಅದು ಆ ಕಾಯ್ದೆಯ ಲೆಕ್ಕದಲ್ಲಿ ಮೋಟಾರು ವಾಹನವೇ ಅಲ್ಲ. ಹಾಗಂತ ಕೈ ಚೆಲ್ಲಬೇಕಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಎಲ್ಲ ಸರಕಿಗೂ ಅನ್ವಯಿಸುತ್ತದೆ. ತಯಾರಿಕೆಯ ದೋಷದಿಂದ ಮನೆ ಸುಟ್ಟರೆ, ಗಾಯವಾದರೆ, ಜೀವ ಹೋದರೆ ಗಾಡಿಯ ಬೆಲೆಯಲ್ಲದೆ ಆ ನಷ್ಟಕ್ಕೂ ಪರಿಹಾರ ಕೇಳಬಹುದು. ಬೇರೆ ಚಾರ್ಜರ್ ಹಾಕಿದ್ದರೆ, ಬ್ಯಾಟರಿ ಬಿಚ್ಚಿಸಿ ರಿಪೇರಿ ಮಾಡಿಸಿದ್ದರೆ ಕಂಪನಿ ಅದನ್ನೇ ಹಿಡಿದು ಜಾರಿಕೊಳ್ಳುತ್ತದೆ.

ದೂರನ್ನು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡಬೇಕು. ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ, ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. 5 ಲಕ್ಷ ರೂ.ವರೆಗೆ ಬೆಲೆ ಕೊಟ್ಟು ಕೊಂಡದ್ದಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಬೇಕೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ನಮ್ಮ ಹಕ್ಕು. ಹಡಗಲಿಯ ಸಹೋದರಿ ಅದೇ ಗಾಡಿಯಲ್ಲಿ ಮಲ್ಲಿಗೆ ಹೂವು ಮಾರುತ್ತಿದ್ದರೆ “ನೀವು ವ್ಯಾಪಾರಿ, ಗ್ರಾಹಕರಲ್ಲ” ಅಂತ ಎದುರಿನವರು ವಾದಿಸಬಹುದು. ಹೆದರಬೇಡಿ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವರನ್ನೂ ಕಾಯ್ದೆ ಗ್ರಾಹಕರೆಂದೇ ಒಪ್ಪಿದೆ. ಒಂದೇ ಕಂಪನಿಯ ಗಾಡಿಯಲ್ಲಿ ಒಂದೇ ದೋಷ ಹತ್ತು ಜನರಿಗೆ ಕಂಡರೆ, ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ಒಬ್ಬರೇ ದೂರು ಹಾಕಬಹುದು. ಸಂಘ ಇರುವುದು ಮತ್ಯಾಕೆ? ಮೊದಲ ಹೆಜ್ಜೆಯಾಗಿ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಒಬ್ಬ ಯುವಕ, ಹೊಸ ಸ್ಕೂಟರ್ ರಿಪೇರಿಯಾಗಲಿಲ್ಲ ಅನ್ನುವ ಸಿಟ್ಟಿಗೆ ಶೋರೂಮಿಗೇ ಬೆಂಕಿ ಹಚ್ಚಿದ. ಅವನ ಸಂಕಟ ನಮಗೂ ಅರ್ಥವಾಗುತ್ತದೆ. ಆದರೆ ದೂರುದಾರನಾಗಬೇಕಿದ್ದವನು ಆರೋಪಿಯಾದ.

ಒಂದು ವೇಳೆ ಬೆಂಕಿ ಬಿದ್ದರೆ ಮೊದಲು ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ, ಗಾಡಿ ಉಳಿಸಲು ಹೋಗಬೇಡಿ. 112ಕ್ಕೆ ಕರೆ ಮಾಡಿ. ಲಿಥಿಯಂ ಬ್ಯಾಟರಿ ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳುತ್ತದೆ. ಆಮೇಲೆ ಫೋಟೋ ತೆಗೆಯಿರಿ, ಪೊಲೀಸರಿಂದ ಪಂಚನಾಮೆ ಮಾಡಿಸಿ, ಅಗ್ನಿಶಾಮಕ ಠಾಣೆಯ ವರದಿ ಕೇಳಿ ಪಡೆಯಿರಿ. ಸುಟ್ಟ ಗಾಡಿಯೇ ನಮ್ಮ ಸಾಕ್ಷಿ. “ಕೊಡಿ ಅಕ್ಕಾ, ಪರೀಕ್ಷೆ ಮಾಡಿ ಹೊಸದು ಕೊಡ್ತೀವಿ” ಅಂತ ಯಾರಾದರೂ ಬಂದರೆ, ಚಾಸಿ ನಂಬರ್ ಬರೆದ ಸ್ವೀಕೃತಿ ಇಲ್ಲದೆ ಕೊಡಬೇಡಿ. ಕೊಟ್ಟರೆ ಕೈಯಲ್ಲಿ ಬೂದಿಯೂ ಉಳಿಯುವುದಿಲ್ಲ.

ವಿಮೆಯ ವಿಷಯ ಒಂದು ಉಳಿದಿದೆ. ಥರ್ಡ್ ಪಾರ್ಟಿ ವಿಮೆಯಿಂದ ನಮ್ಮ ಸುಟ್ಟ ಗಾಡಿಗೆ ಬಿಡಿಗಾಸೂ ಬರುವುದಿಲ್ಲ. ಸ್ವಂತ ಹಾನಿಯ ವಿಮೆ ಬೇರೆಯಾಗಿ ಮಾಡಿಸಿ, ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ಇನ್ನು ಮುಂದೆ ಗಾಡಿಗೆ ಸಾಲ ಮಂಜೂರು ಮಾಡುವಾಗ ಪಕ್ಕಾ ಬಿಲ್ ಮತ್ತು ವಿಮೆಯ ಪ್ರತಿಯನ್ನು ಸಂಘದ ಕಡತದಲ್ಲಿ ಇಡೋಣ. ಈಗಾಗಲೇ ಗಾಡಿ ಇರುವವರು ಮುಂದಿನ ಸಭೆಗೆ ಬಿಲ್, ವಾರಂಟಿ ಕಾರ್ಡ್, ವಿಮೆ ಕಾಗದ ತನ್ನಿ. ಬಿಳಿ ಚೀಟಿ ಇದ್ದವರು ಅದನ್ನೇ ತನ್ನಿ, ಅಂಗಡಿಗೆ ಎಲ್ಲರೂ ಒಟ್ಟಿಗೆ ಹೋಗಿ ಬಿಲ್ ಕೇಳೋಣ.