ಬೀದಿಯ ಗಾಳಿಗೂ ಲೆಕ್ಕವಿದೆ
(ಬೆಳಗಾವಿಯ ಸದಾಶಿವನಗರದಲ್ಲಿ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಕ್ಕಳ ಶುಲ್ಕ, ಅಂಕ, ಟ್ಯೂಷನ್ನುಗಳ ಕುರಿತು ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆದರೆ ಅದೇ ಮಕ್ಕಳು ಬೆಳಗ್ಗೆ ರಿಕ್ಷಾಕ್ಕಾಗಿ ರಸ್ತೆಯ ಯಾವ ಬದಿಯಲ್ಲಿ ನಿಲ್ಲುತ್ತಾರೆಂದು ನಾವು ಎಂದೂ ವಿಚಾರಿಸಿದ್ದಿಲ್ಲ.

ವಾಹನದ ಹೊಗೆಯಲ್ಲಿ ಕಣ್ಣಿಗೆ ಬೀಳದ ಕಣಗಳೇ ಹೆಚ್ಚು ಅಪಾಯಕಾರಿ. 2.5 ಮೈಕ್ರೋಮೀಟರ್‌ಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಇವುಗಳಿಗೆ 2009ರಲ್ಲಿ ನಮ್ಮ ದೇಶ ವಿಧಿಸಿದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ಕಾನೂನಿನ ಮಿತಿಯೊಳಗಿರುವ ಗಾಳಿಯೆಲ್ಲ ಶುದ್ಧವೆಂದು ನೆಮ್ಮದಿಯಿಂದಿರುವಂತಿಲ್ಲ.

ಊರಿನ ಯಾವುದೋ ಕಟ್ಟಡದ ಮೇಲಿರುವ ಮಾಪನ ಯಂತ್ರ ಖಡೇಬಜಾರಿನ ಗಲ್ಲಿಯ ಗಾಳಿಯನ್ನು ಹೇಳಲಾರದು. ಆದುದರಿಂದಲೇ ತಜ್ಞರು ಲೆಕ್ಕ ಹಾಕುತ್ತಾರೆ: ಗಂಟೆಗೆ ಎಷ್ಟು ವಾಹನ, ಯಾವ ಬಗೆಯವು, ಯಾವ ವೇಗ, ರಸ್ತೆಯ ಅಗಲವೆಷ್ಟು, ಇಕ್ಕೆಲದ ಕಟ್ಟಡಗಳ ಎತ್ತರವೆಷ್ಟು, ಗಾಳಿ ಯಾವ ಕಡೆಯದು. ತೆರೆದ ಹೆದ್ದಾರಿಗೆ ಕ್ಯಾಲಿಫೋರ್ನಿಯಾದ 'ಕ್ಯಾಲೈನ್', ಕಟ್ಟಡಗಳ ನಡುವಿನ ಬೀದಿಗೆ ಡೆನ್ಮಾರ್ಕಿನ 'ಓಎಸ್‌ಪಿಎಂ' ಎಂಬ ಗಣಿತ ಮಾದರಿಗಳಿವೆ.

ಈ ಲೆಕ್ಕ ನಮ್ಮ ಊಹೆಯನ್ನೇ ತಲೆಕೆಳಗು ಮಾಡುತ್ತದೆ. ಉತ್ತರ-ದಕ್ಷಿಣವಾಗಿ ಸಾಗುವ ಇಕ್ಕಟ್ಟಾದ ಬೀದಿಯ ಮೇಲೆ ಪಶ್ಚಿಮದ ಗಾಳಿ ಬೀಸಿದರೆ ಹೊಗೆ ಪೂರ್ವದ ಬದಿಗೆ ಹೋಗುವುದೆಂದು ಭಾವಿಸುತ್ತೇವೆ. ಹಾಗಲ್ಲ. ಮಾಳಿಗೆಗಳನ್ನು ದಾಟಿ ಬಂದ ಗಾಳಿ ಬೀದಿಯೊಳಗೆ ಸುಳಿಯಾಗಿ ತಿರುಗಿ, ನೆಲಮಟ್ಟದಲ್ಲಿ ಪಶ್ಚಿಮದ ಗೋಡೆಯತ್ತಲೇ ಮರಳುತ್ತದೆ. ಹೊಗೆ ಸೇರುವುದು ಅಲ್ಲಿ. ಚಳಿಗಾಲದ ಮುಂಜಾವಿನಲ್ಲಂತೂ ಗಾಳಿ ಮಂದವಾಗಿದ್ದು, ಹೊಗೆ ಮೇಲೇರದೆ ಉಳಿಯುತ್ತದೆ. ಅದೇ ಶಾಲೆಯ ವೇಳೆ.

2020ರ ಎಪ್ರಿಲಿನಿಂದ ಬಿಎಸ್-6 ವಾಹನಗಳು ಬಂದವಲ್ಲ ಎನ್ನಬಹುದು. ಹಳೆಯ ವಾಹನಗಳು ಇನ್ನೂ ಓಡುತ್ತಿವೆ. ಮೇಲಾಗಿ ಬ್ರೇಕು-ಟೈರುಗಳ ಸವೆತವೂ, ಚಕ್ರ ಎಬ್ಬಿಸುವ ಧೂಳೂ ಕೊಳವೆಯಿಂದ ಬರುವಂಥವಲ್ಲ.

2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳು ಸೇರಿದವು, ಬೆಳಗಾವಿ ಸೇರಲಿಲ್ಲ. ಪಟ್ಟಿಯಲ್ಲಿಲ್ಲದ ಊರಿನ ಬೀದಿಗಳ ಲೆಕ್ಕವನ್ನು ಯಾರು ಕೇಳುವರು? ಗ್ಯಾರೇಜು, ರಿಕ್ಷಾ, ತಳ್ಳುಗಾಡಿ ಎಂದು ನಮ್ಮಲ್ಲಿ ಅನೇಕರ ಅನ್ನ ರಸ್ತೆಯಲ್ಲೇ ಇದೆ. ದಿನವಿಡೀ ಆ ಗಾಳಿಯನ್ನು ಉಸಿರಾಡುವವರು ಅವರೇ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೇ ಊರಿನಲ್ಲಿದೆ. ಲೆಕ್ಕ ಬಲ್ಲ ವಿದ್ಯಾರ್ಥಿಗಳು ನಮ್ಮ ಮನೆಗಳಲ್ಲೂ ಇದ್ದಾರೆ. ಅವರಿಗೆ ಮೊದಲು ಬೇಕಾದುದು ವಾಹನಗಳ ಎಣಿಕೆ. ಒಂದು ವಾರ, ಬೆಳಗ್ಗೆ ಎಂಟರಿಂದ ಹತ್ತು, ನಾಲ್ಕು ಬೀದಿಗಳಲ್ಲಿ ಎಣಿಸೋಣ. ಆ ಅಂಕಿಗಳನ್ನು ಹಿಡಿದೇ ಪಾಲಿಕೆಗೆ ಹೋಗೋಣ. ಸಭೆ ಮುಗಿದ ಬಳಿಕ ಹೆಸರು ಬರೆಸುವವರು ಬಾಗಿಲ ಬಳಿಯ ಮೇಜಿಗೆ ಬನ್ನಿ.