ಹಳಿಯ ಅಗಲ, ಲಾಭದ ಅಳತೆ

ಮಾಲೂರು ದಾಟಿ ಬಂಗಾರಪೇಟೆ ಕಡೆ ಹೊರಟ ರೈಲಿಗೆ ದಾರಿಯಲ್ಲಿ ಸಿಗುವ ಬಂಡೆಗುಡ್ಡಗಳ ಊರು ಟೇಕಲ್. 1864ರಲ್ಲಿ ಮದ್ರಾಸ್ ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಎಳೆದ ಈ ಹಳಿಯ ಅಗಲ, ಅಂದರೆ ಗೇಜ್, ಐದೂವರೆ ಅಡಿ. ಮದ್ರಾಸಿನದೂ ಅಷ್ಟೇ. ಇಲ್ಲಿ ವ್ಯಾಗನ್ನಿಗೆ ಹಾಕಿದ ಸರಕನ್ನು ಸಮುದ್ರತೀರದವರೆಗೆ ಇಳಿಸಿ ಏರಿಸಬೇಕಿರಲಿಲ್ಲ.

ಜಿಲ್ಲಾ ಕೇಂದ್ರ ಕೋಲಾರಕ್ಕೆ ಆ ಅನುಕೂಲ ಸಿಗಲಿಲ್ಲ. ಖರ್ಚು ಉಳಿಸಲು ಸರ್ಕಾರ 1870ರ ಸುಮಾರಿಗೆ ಒಂದು ಮೀಟರ್ ಅಗಲದ ಹಳಿಯನ್ನು, ಅಂದರೆ ಮೀಟರ್‌ಗೇಜನ್ನು, ಒಪ್ಪಿತ್ತು; ಕವಲು ಹಾದಿಗಳಿಗೆ ಇನ್ನೂ ಕಿರಿದಾದ ಹಳಿ ಸಾಕೆಂದುಕೊಂಡರು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಬಂದದ್ದು ಎರಡೂವರೆ ಅಡಿ ಹಳಿ. ಹಾಕುವಾಗ ಉಳಿದ ಹಣ ಲೆಕ್ಕದ ಪುಸ್ತಕದಲ್ಲಿ ಕಂಡಿತು. ಮುಂದೆ ಗೇಜ್ ಬದಲಾಗುವ ಜಾಗದಲ್ಲಿ ತೆತ್ತದ್ದು ಹಾಗೆ ಕಾಣಲಿಲ್ಲ: ಹಮಾಲಿ ಕೂಲಿ, ಹರಿದ ಮೂಟೆ, ಸೋರಿದ ಕಾಳು, ಖಾಲಿ ವ್ಯಾಗನ್ನಿಗಾಗಿ ಕಾದ ದಿನಗಳು. ಅದು ವ್ಯಾಪಾರಿಗಳ, ರೈತರ ಜೇಬಿನಿಂದ ಚೂರುಚೂರಾಗಿ ಹೋಗುವ ಹಣ. ಯಾವ ಒಂದು ಕಚೇರಿಯೂ ಅದನ್ನು ಕೂಡಿ ಲೆಕ್ಕ ಹಾಕುವುದಿಲ್ಲ.

1992ರಲ್ಲಿ ದೇಶದ ಬಹುತೇಕ ಹಳಿಗಳನ್ನು ಒಂದೇ ಅಳತೆಗೆ ತರುವ ಯೂನಿಗೇಜ್ ಯೋಜನೆ ಶುರುವಾಯಿತು. ಬಂಗಾರಪೇಟೆ–ಕೋಲಾರ ಹಾದಿ ಆ ದಶಕದಲ್ಲೇ ಅಗಲವಾಯಿತು. ಕೋಲಾರ–ಚಿಕ್ಕಬಳ್ಳಾಪುರದ್ದು 2013ರವರೆಗೆ ಕಾಯಿತು. ಲಾಭವೆಷ್ಟು ಎಂದರೆ ಟನ್ನುಗಳನ್ನು ಎಣಿಸಿ ತೋರಿಸುವುದು ವಾಡಿಕೆ. ನನಗದು ಸಾಲದು.

ಏಕೆಂದು ತೋರಿಸಲು ಒಂದು ಉದಾಹರಣೆ. ಅಮೆರಿಕದ ದಕ್ಷಿಣ ರಾಜ್ಯಗಳ ರೈಲು ಕಂಪನಿಗಳು 1886ರ ಮೇ 31 ಮತ್ತು ಜೂನ್ 1ರಂದು, ಎರಡೇ ದಿನದಲ್ಲಿ, ಸುಮಾರು 13,000 ಮೈಲಿ ಹಳಿಯ ಅಗಲ ಬದಲಿಸಿದವು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಡೇನಿಯಲ್ ಗ್ರಾಸ್, ಹಳಿ ಬದಲಾದ ಮಾರ್ಗಗಳನ್ನು ಹಡಗಿನ ಮಾರ್ಗಗಳ ಪಕ್ಕ ಇಟ್ಟು ನೋಡಿದರು. ಹಡಗಿನ ಸರಕು ರೈಲಿಗೆ ಬಂದಿತ್ತು. ಆದರೆ ಒಟ್ಟು ಸಾಗಣೆ ಹೆಚ್ಚಲಿಲ್ಲ, ದರವೂ ಇಳಿಯಲಿಲ್ಲ. ಕಂಪನಿಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡು ದರ ಕಾಯ್ದುಕೊಂಡಿದ್ದವು. ರೈಲಿನ ಟನ್ನುಗಳನ್ನಷ್ಟೇ ಎಣಿಸಿದ್ದರೆ ಇದು ಅಮೋಘ ಯಶಸ್ಸೆಂದು ಕಾಣುತ್ತಿತ್ತು.

ನಮ್ಮ ಜಿಲ್ಲೆಯಲ್ಲಿ ತೊಡಕು ಬೇರೆ. ಹಳಿ ಅಗಲವಾಗುವ ಹೊತ್ತಿಗೆ ಹೆದ್ದಾರಿಯ ಲಾರಿಗಳು ಸರಕನ್ನು ಹಿಡಿದಾಗಿತ್ತು. ಇಂದಿಗೂ ಕೋಲಾರದ ಟೊಮೆಟೊ ಬಹುಪಾಲು ರಸ್ತೆಯಲ್ಲೇ ಹೋಗುತ್ತದೆ. ಆದ್ದರಿಂದ ಗೇಜಿನ ಲಾಭ ಅಳೆಯುವವರು ಹಿಂದಿನ ವರ್ಷ, ಮುಂದಿನ ವರ್ಷ ಎಂದು ಹೋಲಿಸಿದರೆ ಸಾಲದು. ಮೊದಲಿನಿಂದಲೂ ಅಗಲ ಹಳಿಯಿದ್ದ ಟೇಕಲ್, ಮಾಲೂರುಗಳನ್ನೂ ಹಳಿಗಾಗಿ ಕಾದ ಊರುಗಳನ್ನೂ ಅಕ್ಕಪಕ್ಕ ಇಡಬೇಕು. ಸಾಗಣೆ ಬಾಡಿಗೆಯಲ್ಲಿ ಉಳಿದದ್ದರಲ್ಲಿ ರೈತನಿಗೆ ಎಷ್ಟು ಬಂತು, ಕೆಲಸ ಕಳೆದುಕೊಂಡ ಹಮಾಲಿಗೆ ಎಷ್ಟು ಹೋಯಿತು ಎಂಬ ಎರಡು ಕಲಮುಗಳನ್ನೂ ಬರೆಯಬೇಕು.