ಎರಡಾಣೆಯ ಖಾತೆ, ಎಂಟು ಖಾತೆಗಳ ಗುರಿ

ಬ್ಯಾಂಕಿನ ಸಾಮಾಜಿಕ ಹೊಣೆ ಅಂದಕೂಡಲೇ ಶಾಲೆಗೆ ಕೊಟ್ಟ ಬೆಂಚು, ಆಸ್ಪತ್ರೆಗೆ ಕೊಟ್ಟ ಆಂಬುಲೆನ್ಸು ನೆನಪಾಗುತ್ತವೆ. ಬೇಕಾದ ಕೆಲಸಗಳೇ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಇದಕ್ಕೆ ಖರ್ಚು ಮಾಡಬೇಕು. ಖಾಸಗಿ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ನೂರರಲ್ಲಿ ಎರಡು ರೂಪಾಯಿ ಎಲ್ಲಿ ಹೋಯಿತು ಅನ್ನುವುದಕ್ಕಿಂತ, ಆ ನೂರು ಹೇಗೆ ಬಂತು ಅನ್ನುವುದು ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಇರುವುದು ನಿರ್ದೇಶಕ ಮಂಡಳಿಯಲ್ಲಿ.

ಮೊದಲು ನಮ್ಮದೇ ಒಂದು ಉದಾಹರಣೆ ನೋಡಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅದು ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಶುರುಮಾಡಿತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು. ಏಜೆಂಟರು ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ತಾವೇ ಬಂದು ದುಡ್ಡು ಪಡೆದು ಬರೆದುಕೊಂಡು ಹೋಗುತ್ತಿದ್ದರು. ಎರಡಾಣೆಗೋಸ್ಕರ ಒಬ್ಬ ಮನುಷ್ಯನನ್ನು ಬೀದಿ ಬೀದಿ ಅಲೆಸುವುದು ಬರೀ ಲಾಭ ನೋಡುವವರಿಗೆ ಹೊಳೆಯುವ ಯೋಚನೆಯಲ್ಲ. ಕೂಲಿಯವರ ಉಳಿತಾಯಕ್ಕೂ ಬ್ಯಾಂಕಿನಲ್ಲಿ ಜಾಗವಿದೆಯೆಂದು ಮೇಲೆ ಕೂತವರು ನಂಬಿದ್ದರು. ಆ ಸಣ್ಣ ದುಡ್ಡೇ ಕೂಡಿ ಬ್ಯಾಂಕಿಗೂ ಬಲ ಬಂತು.

ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಕಣ್ಣಿಟ್ಟದ್ದೂ ಸಾಮಾನ್ಯ ಗ್ರಾಹಕರ ಮೇಲೆಯೇ. ಆದರೆ ಅಲ್ಲಿ ಮೇಲಿನಿಂದ ಬಂದ ಗುರಿ ಬೇರೆ: ಪ್ರತಿ ಮನೆಗೂ ಖಾತೆ, ಕಾರ್ಡು, ಸಾಲ ಎಲ್ಲ ಸೇರಿ ಎಂಟನ್ನು ಮಾರಬೇಕು. ಗುರಿ ಮುಟ್ಟದಿದ್ದರೆ ಕೆಲಸ ಹೋದೀತೆಂಬ ಭಯ. ಕೌಂಟರಿನಲ್ಲಿದ್ದವರು ಗ್ರಾಹಕರಿಗೆ ಗೊತ್ತಿಲ್ಲದಂತೆ ಅವರ ಹೆಸರಲ್ಲಿ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ನೌಕರರನ್ನು ವಜಾ ಮಾಡಲಾಗಿತ್ತು. ತಳದವರಿಗೆ ಮೊದಲು ಪೆಟ್ಟು ಬಿದ್ದ ಈ ಬಗೆ ನನಗೆ ತುಂಬ ನೋವಿನದು ಅನಿಸುತ್ತದೆ. 2018ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ವೆಲ್ಸ್ ಫಾರ್ಗೊದ ನಿರ್ದೇಶಕ ಮಂಡಳಿಯ ಮೇಲ್ವಿಚಾರಣೆಯ ಕೊರತೆಯನ್ನೇ ಎತ್ತಿ ಹೇಳಿ, ಅದು ಸರಿಹೋಗುವವರೆಗೆ ಬ್ಯಾಂಕಿನ ಆಸ್ತಿ ಬೆಳೆಯದಂತೆ ಮಿತಿ ಹಾಕಿತು. ಆ ಮಿತಿ ತೆರವಾದದ್ದು 2025ರಲ್ಲಿ.

ನಮ್ಮಲ್ಲಿ ಖಾಸಗಿ ಬ್ಯಾಂಕುಗಳ ಮಂಡಳಿಗೆ ಸ್ವತಂತ್ರ ನಿರ್ದೇಶಕರೇ ಅಧ್ಯಕ್ಷರಾಗಿರಬೇಕೆಂದು 2021ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ಬ್ಯಾಂಕು ನಡೆಸುವವರನ್ನು ಪ್ರಶ್ನಿಸುವವರು ಅದೇ ಕೋಣೆಯಲ್ಲಿ ಇರಲಿ ಅನ್ನುವುದೇ ಇದರ ಉದ್ದೇಶ.

ನೀವು ಷೇರುದಾರರಾಗಿರಿ, ಠೇವಣಿದಾರರಾಗಿರಿ, ನಿಮ್ಮ ಬ್ಯಾಂಕಿನ ವಾರ್ಷಿಕ ವರದಿ ಸಿಕ್ಕರೆ ಗಿಡ ನೆಡುವ ಚಿತ್ರಗಳನ್ನು ದಾಟಿ ಮುಂದೆ ಹೋಗಿ. ಗ್ರಾಹಕರಿಂದ ಎಷ್ಟು ದೂರು ಬಂದಿವೆ, ಎಷ್ಟು ಬಾಕಿ ಉಳಿದಿವೆ ಎಂಬ ಪಟ್ಟಿ ಅಲ್ಲಿರುತ್ತದೆ. ಮೊದಲು ಅದನ್ನು ಓದಿ.